ಬ್ರೇಕ್ ಒತ್ತಿದ ಮೇಲೆ

“ಇವತ್ತು ಬರೂವಾಗ ಅದನ್ನ ತಗೊಂಡು ಬಾ,” ಎಂದಳು ಅಮ್ಮಿ.

ಕುಬ್ರಾ ಜಡೆಗೆ ರಿಬ್ಬನ್ ಸುತ್ತುತ್ತಿದ್ದಳು. ಕೈ ಅಲ್ಲೇ ನಿಂತಿತು. “ಯಾವುದನ್ನ?”

“ಟೇಪ್ ರಿಕಾರ್ಡರ್. ದಾವಲ್ ಬೀದು. ಸಾಲ್ಯಾಗ ಅದ. ಅಕಿಗೆ ಕೊಡಬೇಕು.”

ಅಷ್ಟು ಹೇಳಿ ಅಮ್ಮಿ ಸ್ಟೋವಿನ ಕಡೆ ತಿರುಗಿದಳು. ಈ ಎಂಟು ದಿನಗಳಲ್ಲಿ ಅವಳು ಒಮ್ಮೆಗೇ ಆಡಿದ ಅತಿ ಉದ್ದದ ಮಾತು ಅದು.

ಅಬ್ಬಾ ಮಣ್ಣಾಗಿ ಎಂಟು ದಿನ. ಮೊದಲ ಮೂರು ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ, ಓಣಿಯವರೇ ಊಟ ತಂದುಕೊಟ್ಟರು. ಆಮೇಲೆ ಮನೆ ತುಂಬ ನೆಂಟರು. ನಿನ್ನೆ ಸಂಜೆ ಕೊನೆಯವರಾಗಿ ಮೆಹಬೂಬ್ ಚಾಚಾ ಮಾನ್ವಿ ಬಸ್ಸು ಹತ್ತಿದರು. ಇವತ್ತು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಹಾಲಿನವನು ಸೈಕಲ್ ಬೆಲ್ ಹೊಡೆದ. ಪಕ್ಕದ ಮನೆಯ ರೇಡಿಯೊ, ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದದ್ದು, ಮತ್ತೆ ಹಾಡತೊಡಗಿತು. ಎಲ್ಲವೂ ಮೊದಲಿನ ಹಾಗೇ. ಕುಬ್ರಾಳಿಗೆ ಅದೇ ಸೋಜಿಗ.

“ಅದನ್ನ ಕೊಟ್ಟುಬಿಟ್ರ ಅಬ್ಬಾನ ಕಂಪ್ಯೂಟರ್ ಪ್ರೋಗ್ರಾಮ್ ಹ್ಯಾಂಗ ಹಾಕೂದು ಅಮ್ಮಿ? ಸಾಲಿ ರಿಕಾರ್ಡರ್ ರಿಪೇರಿಗೆ ಹೋಗ್ಯದ. ನಾಕು ತಿಂಗಳಾತು, ಬಂದೇ ಇಲ್ಲ.”

ಅಮ್ಮಿ ರೊಟ್ಟಿ ತಿರುವಿ ಹಾಕಿದಳು. “ಮಂದಿ ಸಾಮಾನು ನಮ್ಮ ಕಡೆ ಇರಬಾರದು,” ಎಂದಳು.

ದಫನ್ ದಿನ ಚಾಚಾ ಎಲ್ಲರ ಮುಂದೆ ನಿಂತು, “ನಮ್ಮ ದಸ್ತಗೀರ್ ಯಾರ ಹತ್ರನಾರ ಏನಾರ ತಂದಿದ್ರ ಹೇಳ್ರಿ, ನಾವು ಮುಟ್ಟಿಸ್ತೀವಿ,” ಎಂದು ಕೇಳಿದ್ದರು. ಹಾಗೆ ಕೇಳುವುದು ಪದ್ಧತಿ. ಯಾರೂ ಏನೂ ಅಂದಿರಲಿಲ್ಲ. ಆದರೆ ಅಲ್ಲಿ ನೆರೆದವರೆಲ್ಲ ಗಂಡಸರು. ಅಬ್ಬಾಗೆ ಟೇಪ್ ರಿಕಾರ್ಡರ್ ಎರವಲು ಕೊಟ್ಟಿದ್ದ ಬಳೆ ಅಂಗಡಿಯ ದಾವಲ್ ಬೀ ಅಲ್ಲಿ ಹೇಗೆ ಇರುತ್ತಾಳೆ?

ಅಮ್ಮಿಯೇ ಹೋಗಿ ಕೊಟ್ಟು ಬರುವಂತಿಲ್ಲ. ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವಳು ಹೊಸ್ತಿಲು ದಾಟಬಾರದು. ಅದಕ್ಕೆ ಇದ್ದತ್ ಎನ್ನುತ್ತಾರೆ. ಹೊರಗಿನ ಕೆಲಸವೆಲ್ಲ ಈಗ ಕುಬ್ರಾಳದೇ.

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಮನಸ್ಸಿನಲ್ಲಿ ಒಂದೇ ಮಾತು: ಕೊಡಬಾರದು.

*

ಶಾಲೆಯ ಕಂಪ್ಯೂಟರ್ ಕೋಣೆಯ ಹೊರಗೆ ಮೂವತ್ತು ಜೊತೆ ಚಪ್ಪಲಿ. ಒಳಗೆ ಒಂದೇ ಒಂದು ಕಂಪ್ಯೂಟರ್. ರಾಯಚೂರಿನ ಎಷ್ಟೋ ಶಾಲೆಗಳಲ್ಲಿ ಅದೂ ಇರಲಿಲ್ಲ.

ಗಣಿತ ಕಲಿಸುತ್ತಿದ್ದ ಗುಲಾಮ್ ದಸ್ತಗೀರ್ ಸರ್, ಅಂದರೆ ಕುಬ್ರಾಳ ಅಬ್ಬಾ, ಏಳನೇ ಕ್ಲಾಸಿಗೆ ಅದನ್ನು ಕಲಿಸುತ್ತಿದ್ದರು. ಇವತ್ತು ಡ್ರಾಯಿಂಗ್ ಮಾಸ್ತರರಾದ ಆದೆಪ್ಪ ಸರ್ ಬಂದರು. ದೇವದುರ್ಗದವರು. ಕಂಪ್ಯೂಟರಿನ ಮುಂದೆ ನಿಂತು, ಹೊಸ ಎತ್ತನ್ನು ನೋಡುವವರ ಹಾಗೆ ಅದನ್ನು ಎರಡೂ ಬದಿಯಿಂದ ನೋಡಿದರು.

“ನನಗ ಇದರ ತಲಿ ಯಾವುದು, ಬಾಲ ಯಾವುದು ಗೊತ್ತಿಲ್ಲ. ಗೊತ್ತಿದ್ದವರು ಮುಂದ ಬರ್ರಿ.”

ಎಲ್ಲರೂ ಕುಬ್ರಾಳನ್ನು ನೋಡಿದರು. ಅವಳು ಎದ್ದಳು.

ಕೀಲಿಗಳಿರುವ ಅಗಲವಾದ ಪೆಟ್ಟಿಗೆಯೇ ಕಂಪ್ಯೂಟರ್. ಅದಕ್ಕೆ ಒಂದು ಟಿವಿ ಜೋಡಿಸಿತ್ತು. ಇನ್ನೊಂದು ಪಕ್ಕಕ್ಕೆ ಉದ್ದನೆಯ ವೈರಿನಲ್ಲಿ ದಾವಲ್ ಬೀಯ ಕೆಂಪು ಟೇಪ್ ರಿಕಾರ್ಡರ್. ಅಬ್ಬಾ ಬರೆದ ಪ್ರೋಗ್ರಾಮ್ ಕ್ಯಾಸೆಟ್ಟಿನಲ್ಲಿತ್ತು. ಕ್ಯಾಸೆಟ್ ಹಾಕಿ ಬಟನ್ ಒತ್ತಿದರೆ ಹಾಡು ಬರುವುದಿಲ್ಲ. ಕೀಂ ಎಂದು ಕಿವಿ ಕೊರೆಯುವ ಸದ್ದು ಬರುತ್ತದೆ. ಆ ಸದ್ದು ಕಂಪ್ಯೂಟರಿಗೆ ಮಾತ್ರ ತಿಳಿಯುತ್ತದೆ. ಮೂರು ನಿಮಿಷ ಅದನ್ನು ಕೇಳಿಸಿಕೊಂಡರೆ ಇಡೀ ಪ್ರೋಗ್ರಾಮ್ ಅದರ ನೆನಪಿನೊಳಗೆ ಬಂದು ಕೂರುತ್ತದೆ.

“ಕಿವಿ ಮುಚ್ಚಿಕೋರಿ ಸರ್,” ಎಂದಳು ಹುಲಗೆಮ್ಮ. ಅವಳು ಕುಬ್ರಾಳ ಗೆಳತಿ. ಸುಮ್ಮನಿರುವುದು ಅವಳಿಗೆ ಆಗದ ಕೆಲಸ.

ಸದ್ದು ಮುಗಿಯಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು: ‘ನಿನ್ನ ಹೆಸರೇನು?’

ಆದೆಪ್ಪ ಸರ್ ಬಗ್ಗಿದರು. “ಅಲಲಾ! ಕೇಳಾಕತ್ತದಲ್ಲ!”

ಹೆಸರು ಹೇಳಿದರೆ ಅದು ಲೆಕ್ಕ ಕೇಳುತ್ತದೆ. ಉತ್ತರ ಸರಿಯಾದರೆ ‘ಭಲೇ’ ಎನ್ನುತ್ತದೆ. ತಪ್ಪಾದರೆ ಅಬ್ಬಾ ತರಗತಿಯಲ್ಲಿ ಹೇಳುತ್ತಿದ್ದ ಮಾತನ್ನೇ ಹೇಳುತ್ತದೆ.

ಕುಬ್ರಾ ತನ್ನ ಹೆಸರು ಹೊಡೆದಳು. ಏಳೆಂಟಲೆ ಎಷ್ಟು ಎಂದು ಕೇಳಿತು. ಐವತ್ತಾರು ಅವಳಿಗೆ ನಿದ್ದೆಯಲ್ಲೂ ಗೊತ್ತು. ಐವತ್ತೈದು ಎಂದು ಹೊಡೆದಳು.

‘ತಪ್ಪು ಕುಬ್ರಾ. ಅಳಬ್ಯಾಡ. ಮತ್ತ ನೋಡು.’

ಅವಳು ಮತ್ತೆ ನೋಡಿದಳು. ಐವತ್ತೇಳು ಎಂದು ಹೊಡೆದಳು.

‘ತಪ್ಪು ಕುಬ್ರಾ. ಅಳಬ್ಯಾಡ. ಮತ್ತ ನೋಡು.’

“ಲೇ, ಸಾಕೇಳ್ಲೇ. ನಂದು ಪಾಳಿ,” ಎಂದು ಹುಲಗೆಮ್ಮ ಕುರ್ಚಿಯ ಅರ್ಧ ಭಾಗಕ್ಕೆ ನುಗ್ಗಿದಳು. ಅವಳ ಮೊಣಕೈ ಬಲಮೂಲೆಯ ಕೀಲಿಗೆ ತಗಲಿತು.

ಕಂಪ್ಯೂಟರ್ ಬೀಪ್ ಎಂದಿತು. ಅಕ್ಷರವೆಲ್ಲ ಮಾಯ. ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಸಣ್ಣ ಗೆರೆ.

“ಹೋತು! ಹುಲಿಗಿ ಹಾಳು ಮಾಡಿದ್ಲು!”

“ಸರ್ ಬರೆದದ್ದು ಎಲ್ಲಾ ಹೋತು!”

“ನಾ ಏನ್ ಮಾಡೀನಿ? ಅದೇ ನನ್ನ ಕೈಗೆ ಬಂದು ಬಡೀತು,” ಎಂದಳು ಹುಲಗೆಮ್ಮ. ಆದರೆ ಅವಳ ಮುಖ ಸಣ್ಣದಾಗಿತ್ತು.

“ಗಲಾಟಿ ಮಾಡಬ್ಯಾಡ್ರಿ,” ಎಂದರು ಆದೆಪ್ಪ ಸರ್. “ನಮ್ಮ ಮನಿ ರೇಡಿಯೊನೂ ಹಿಂಗ ಮುನಿಸಿಕೊಳ್ತದ. ಒಮ್ಮಿ ಬಂದ್ ಮಾಡಿ ಚಾಲೂ ಮಾಡಿದ್ರ ಆತು.” ಅವರು ಗೋಡೆಯ ಸ್ವಿಚ್ಚಿಗೆ ಕೈ ಹಾಕಿದರು.

“ಬ್ಯಾಡ್ರೀ ಸರ್!”

ಕುಬ್ರಾ ಎಷ್ಟು ಜೋರಾಗಿ ಕೂಗಿದಳೆಂದರೆ ಸರ್ ಕೈ ಹಿಂದಕ್ಕೆ ಎಳೆದುಕೊಂಡರು. ಅವಳು ಕುರ್ಚಿಯ ತುದಿಗೆ ಸರಿದು ಮೂರು ಅಕ್ಷರ ಹೊಡೆದಳು: ಓ, ಎಲ್, ಡಿ. ಓಲ್ಡ್. ಆಮೇಲೆ ರನ್.

‘ನಿನ್ನ ಹೆಸರೇನು?’ ಎಂದು ಕೇಳಿತು ಪರದೆ.

ಮಕ್ಕಳು ಹೋ ಎಂದರು. ಹುಲಗೆಮ್ಮ ಎಲ್ಲರಿಗಿಂತ ಜೋರಾಗಿ ಕೂಗಿದಳು.

ಆದೆಪ್ಪ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. “ಏನವ್ವಾ ಇದು ಜಾದೂ?”

“ಜಾದೂ ಅಲ್ರೀ ಸರ್. ಅಕಿ ಒತ್ತಿದ್ದು ಬ್ರೇಕ್ ಕೀಲಿ. ಬ್ರೇಕ್ ಒತ್ತಿದ್ರ ಅದು ಹೊಸದಾಗಿ ಶುರು ಆಗ್ತದ, ಏನೂ ಗೊತ್ತಿಲ್ಲದವರಂಗ ಕೂಡ್ತದ. ಆದ್ರ ಒಳಗಿಂದು ಒಳಗೇ ಇರ್ತದ. ಓಲ್ಡ್ ಅಂದ್ರ ಹಳೇದು. ‘ಹಳೇದು ತಾ’ ಅಂದ್ರ ತರ್ತದ.”

“ನಾ ಸ್ವಿಚ್ ತೆಗೆದಿದ್ರ?”

ಕುಬ್ರಾಳಿಗೆ ಅಬ್ಬಾ ಹೇಳಿದ್ದು ನೆನಪಿಗೆ ಬಂತು. ಒಂದು ಶುಕ್ರವಾರ ತೀನ್ ಕಂದೀಲ್ ವೃತ್ತದ ಬಳಿ ಇಬ್ಬರೂ ನಡೆಯುತ್ತಿದ್ದಾಗ ಹೇಳಿದ್ದು.

“ಬಾಜಾರದಾಗ ಬಂದೇನವಾಜ್ ಕಾಕಾ ನೆಲದ ಮ್ಯಾಲೆ ಬಾಚಣಿಗೆ, ಕನ್ನಡಿ ಹರವಿಕೊಂಡು ಕೂಡ್ತಾರಲ್ರಿ ಸರ್? ನಮಾಜಿನ ಹೊತ್ತಿಗೆ ಅದರ ಮ್ಯಾಲೆ ಒಂದು ಚಾದರ ಹೊಚ್ಚಿ ಮಸೂತಿಗೆ ಹೋಗ್ತಾರ. ನೋಡಿದವರಿಗೆ ಅಂಗಡಿನೇ ಇಲ್ಲ ಅನಿಸ್ತದ. ಬಂದು ಚಾದರ ತೆಗೆದ್ರ ಎಲ್ಲಾ ಇದ್ದಲ್ಲೇ ಇರ್ತದ. ಅದು ಬ್ರೇಕ್.”

“ಹೂಂ.”

“ಸಂಜಿಗೆ ಗಂಟು ಕಟ್ಟಿಕೊಂಡು ಹೋಗಿಬಿಡ್ತಾರ. ಆಮ್ಯಾಲೆ ಅಲ್ಲಿ ಬರೀ ನೆಲ. ಅದು ಸ್ವಿಚ್ ತೆಗೆಯೂದು.”

“ಆವಾಗ ಓಲ್ಡ್ ಅಂದ್ರ ಬರಾಂಗಿಲ್ಲ?”

“ಬರಾಂಗಿಲ್ರಿ ಸರ್.”

ಆದೆಪ್ಪ ಸರ್ ಟೇಪ್ ರಿಕಾರ್ಡರಿನ ಮೇಲೆ ಕೈಯಿಟ್ಟರು. “ಕ್ಯಾಸೆಟ್ ಅದ, ಇದು ಅದ. ಹಂಗಾಗಿ ಚಿಂತಿಲ್ಲ ಅನ್ನು.”

“ಅದು ಸಾಲೀದಲ್ರಿ. ದಾವಲ್ ಬೀ ಖಾಲಾಂದು. ಅಮ್ಮಿ ಇವತ್ತೇ ಕೊಟ್ಟು ಬಾ ಅಂದಾಳ.”

“ಹೌದೇನು? ಇರಲಿ ಬಿಡವ್ವಾ. ನಮ್ಮದು ರಿಪೇರಿಯಾಗಿ ಬರೂ ತನಕ ಇಲ್ಲೇ ಇರಲಿ. ಸಾಲಿ ಕೆಲಸ ಅಂದ್ರ ಯಾರು ಬ್ಯಾಡಂತಾರ? ಸರ್ ಕೊಡಲಿಲ್ಲ ಅಂತ ಅಮ್ಮಿಗೆ ಹೇಳು.”

ಕುಬ್ರಾಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವಳು ಕೇಳಬೇಕೆಂದಿದ್ದುದೂ ಅದನ್ನೇ. ದೊಡ್ಡವರೇ ಹೇಳಿದ ಮೇಲೆ ತನ್ನ ತಪ್ಪೇನು?

*

ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವ ದಾರಿಯಲ್ಲೇ ದಾವಲ್ ಬೀಯ ಬಳೆ ಅಂಗಡಿ. ಕುಬ್ರಾ ತಲೆ ತಗ್ಗಿಸಿ ಬೇಗ ಬೇಗ ದಾಟುತ್ತಿದ್ದಳು.

“ಯಾಕ ಬೇಟಾ, ಖಾಲಾನ ಗುರುತು ಸಿಗಲಿಲ್ಲೇನು?”

ನಿಲ್ಲಲೇಬೇಕಾಯಿತು. ದಾವಲ್ ಬೀ ಬಳೆಯ ಡಬ್ಬಿಗಳ ನಡುವೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಕುಬ್ರಾಳ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು. “ಅಮ್ಮಿ ಉಣ್ಣಾಕತ್ತಾಳೇನು? ಮಾತಾಡಾಕತ್ತಾಳೇನು?”

“ಉಣ್ಣತಾಳ. ಮಾತು ಕಡಿಮಿ.”

“ಆಗ್ತದ, ಆಗ್ತದ.” ದಾವಲ್ ಬೀ ಟೇಪ್ ರಿಕಾರ್ಡರಿನ ಸುದ್ದಿಯನ್ನೇ ಎತ್ತಲಿಲ್ಲ.

ಹಸಿರು ಬಳೆಗಳ ಡಬ್ಬಿಯ ಮೇಲೆ ಒಂದು ದಪ್ಪ ಕವರು ಇತ್ತು. ಅದರ ಮೇಲೆ ಅರಬ್ಬಿ ಅಕ್ಷರದ ಸ್ಟಾಂಪು. ಕವರಿನ ತುದಿ ಹರಿದಿತ್ತು, ಒಳಗಿನ ಕ್ಯಾಸೆಟ್ಟಿನ ಮೂಲೆ ಕಾಣುತ್ತಿತ್ತು.

“ಇದೇನ್ರಿ ಖಾಲಾ?”

“ನಮ್ಮ ಗುಲ್ಶನ್ ಕಳಿಸ್ಯಾಳ, ಜೆಡ್ಡಾದಿಂದ. ನನಗ ಓದಾಕ ಬರಾಂಗಿಲ್ಲಲ್ಲ, ಅದಕ್ಕ ಮಾತು ತುಂಬಿ ಕಳಿಸ್ತಾಳ.” ದಾವಲ್ ಬೀ ಕವರನ್ನು ಸೆರಗಿನಿಂದ ಒರೆಸಿದಳು. ಅದರ ಮೇಲೆ ಧೂಳೇನೂ ಇರಲಿಲ್ಲ. “ಹೆರಿಗಿಗೆ ದಿನ ತುಂಬಿದ್ವು. ಏನಾತೋ ಏನೋ. ಎಲ್ಲಾ ಇದರಾಗ ಹೇಳಿರ್ತಾಳ.”

“ಯಾವಾಗ ಬಂತ್ರಿ?”

ದಾವಲ್ ಬೀ ಕವರನ್ನು ಮತ್ತೆ ಡಬ್ಬಿಯ ಮೇಲಿಟ್ಟಳು. “ನಿಮ್ಮ ಅಬ್ಬಾ ಹೋದ ಮರುದಿನ.”

ಏಳು ದಿನ. ಕುಬ್ರಾ ಬಳೆಗಳನ್ನೇ ನೋಡುತ್ತ ಕೇಳಿದಳು, “ಬ್ಯಾರೆಯವರ ಮನ್ಯಾಗ ಕೇಳಬಹುದಿತ್ತಲ್ರಿ?”

“ಮಗಳು ಅಳ್ತಾಳೋ ನಗ್ತಾಳೋ, ಮಂದಿ ಮುಂದ ಹ್ಯಾಂಗ ಕೇಳಲಿ ಬೇಟಾ?” ದಾವಲ್ ಬೀ ಅವಳ ಬೆನ್ನು ಸವರಿದಳು. “ಇರಲಿ ತಗೋ. ಮಾತು ಎಲ್ಲಿ ಓಡಿ ಹೋಗ್ತದ? ಕ್ಯಾಸೆಟ್ ಪಟ್ಟಿಯೊಳಗೇ ಇರ್ತದ. ನಡಿ, ಅಮ್ಮಿ ದಾರಿ ನೋಡ್ತಿರ್ತಾಳ.”

ಮನೆಯಲ್ಲಿ ಅಮ್ಮಿ ಗೋಡೆಗೆ ಒರಗಿ ಕುಳಿತಿದ್ದಳು. ತಟ್ಟೆಯಲ್ಲಿ ಕುಬ್ರಾಳ ಊಟ ಮುಚ್ಚಿಟ್ಟಿತ್ತು. ಕೈ ಖಾಲಿ ಇರುವುದನ್ನು ಅಮ್ಮಿ ನೋಡಿದಳು. ಅವಳ ಕಣ್ಣು ಆಗಾಗ ಮಿಟುಕುತ್ತಿದ್ದವು, ಅಷ್ಟೇ.

‘ಸರ್ ಕೊಡಲಿಲ್ಲ’ ಎಂಬ ಮಾತು ಕುಬ್ರಾಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅಮ್ಮಿಯನ್ನೇ ಬಹಳ ಹೊತ್ತು ನೋಡಿದಳು. ಈ ಎಂಟು ದಿನ ನೆಂಟರೆಲ್ಲ ಅಮ್ಮಿಗೆ ಉಣ್ಣು, ಮಲಗು, ಧೈರ್ಯ ತಂದುಕೋ ಎಂದಿದ್ದರು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

“ಅಮ್ಮಿ, ಸಾಲಿ ಕಂಪ್ಯೂಟರಿಗೆ ಹಾಕೋ ಗವುಸು ನೀನೇ ಹೊಲಿದಿದ್ದಲ್ಲ?”

ಅಮ್ಮಿ ತಲೆ ಆಡಿಸಿದಳು.

“ಅದು ಯಾಕ ಹಂಗ ಮ್ಯಾಲೆ ಎಳಕೊಂಡದ? ಒಂದು ಕಡೆ ಮುಚ್ಚೂದೇ ಇಲ್ಲ.”

ಕುಬ್ರಾ ರೊಟ್ಟಿ ಮುರಿದಳು. ಇನ್ನು ಉತ್ತರ ಬರಲಿಕ್ಕಿಲ್ಲ ಎಂದುಕೊಳ್ಳುವ ಹೊತ್ತಿಗೆ ಅಮ್ಮಿಯ ದನಿ ಕೇಳಿತು.

“ದಾರದಾಗ ಅಳತಿ ತಂದಿದ್ರು. ಗಣಿತ ಮಾಸ್ತರ್ ನೋಡು! ಸ್ಕೇಲ್ ಬಿಟ್ಟು ದಾರ. ಕಿಸೆದಾಗ ಇಟ್ಟುಕೊಂಡು ಬರೂವಾಗ ಅದು ಗಂಟು ಬಿದ್ದಿತ್ತು. ನಾ ಗಂಟು ಬಿಚ್ಚದೆ ಹಂಗೇ ಅಳೆದು ಹೊಲಿದೆ.” ಅವಳು ಎರಡು ಬೆರಳು ಎತ್ತಿ ತೋರಿಸಿದಳು. “ಇಷ್ಟು ಕಡಿಮಿ ಆತು. ನಿಮ್ಮ ಅಬ್ಬಾ ಏನಂದ್ರು ಗೊತ್ತದೇನು? ನನ್ನ ಹೆಸರು ಹಿಡಿದು ‘ಸರ್ವರಿ, ಕಂಪ್ಯೂಟರ್ ಬೆಳದದ’ ಅಂದ್ರು.”

ಅಮ್ಮಿಯ ತುಟಿ ಒಂದು ಕಡೆ ಸ್ವಲ್ಪ ಸರಿಯಿತು. ನಗು ಅನ್ನುವಷ್ಟಿರಲಿಲ್ಲ. ಅದರ ಹಿಂದೆಯೇ ಕಣ್ಣು ತುಂಬಿದವು. ಅವಳು ಇನ್ನೂ ಹೇಳಿದಳು. ಕುಬ್ರಾ ಊಟ ಬಿಟ್ಟು ಕೇಳಿದಳು. ಶಾಲೆಯ ಎರಡನೇ ಗಂಟೆ ಹೊಡೆಯುವುದು ಕೇಳಿಸಿದಾಗಲೇ ಇಬ್ಬರಿಗೂ ಎಚ್ಚರ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕುಬ್ರಾ ಹೇಳಿದಳು, “ಟೇಪ್ ರಿಕಾರ್ಡರ್ ಸಂಜಿಗೆ ಕೊಟ್ಟು ಬರ್ತೀನಿ ಅಮ್ಮಿ.”

*

“ಅದನ್ನ ಕೊಟ್ಟುಬಿಟ್ರ ಮತ್ತೇನು ಮಾಡಬೇಕಂತೀ?” ಎಂದರು ಆದೆಪ್ಪ ಸರ್. ಕಂಪ್ಯೂಟರ್ ಬೆಳಗಿನಿಂದ ಚಾಲೂ ಇತ್ತು, ಪ್ರೋಗ್ರಾಮ್ ಇನ್ನೂ ಅದರೊಳಗೇ ಇತ್ತು.

“ಬರಕೊಳ್ತೀನ್ರಿ. ಲಿಸ್ಟ್ ಅಂದ್ರ ಎಲ್ಲಾ ಸಾಲು ತೋರಿಸ್ತದ. ನೋಟಬುಕ್ಕಿನ್ಯಾಗ ಬರಕೊಂಡ್ರ ಬೇಕಾದಾಗ ಕೈಲೇ ಹೊಡಿಬಹುದು.”

“ಎಷ್ಟು ಸಾಲು?”

“ಅರವತ್ತೆಂಟು.”

“ನಾಕಕ್ಕ ಕರೆಂಟ್ ಹೋಗ್ತದ,” ಎಂದು ಹುಲಗೆಮ್ಮ ನೆನಪಿಸಿದಳು. “ಈಗ ಮೂರೂಕಾಲು.”

ಡ್ರಾಯಿಂಗ್ ಪೀರಿಯಡ್ ಬರವಣಿಗೆಯ ಪೀರಿಯಡ್ ಆಯಿತು. ಹುಲಗೆಮ್ಮ ಪರದೆ ನೋಡಿ ಓದುವುದು, ಕುಬ್ರಾ ಬರೆಯುವುದು, ಆದೆಪ್ಪ ಸರ್ ಪಕ್ಕದಲ್ಲಿ ನಿಂತು ತಾಳೆ ನೋಡುವುದು. ಒಂದು ಚುಕ್ಕೆ ತಪ್ಪಿದರೂ ನಡೆಯುವುದಿಲ್ಲ. ಹುಲಗೆಮ್ಮ ಎರಡು ಸಲ ಸಾಲು ಹಾರಿಸಿದಳು. “ಕಣ್ಣು ಎಲ್ಲಿಟ್ಟೀಯವ್ವಾ?” ಎಂದು ಸರ್ ಗದರಿದರು.

ನಲವತ್ತನೆಯ ಸಾಲಿನ ಹೊತ್ತಿಗೆ ಅವಳ ದನಿ ನಿಂತಿತು.

“ಯಾಕ? ಓದು.”

“ತಪ್ಪು. ಅಳಬ್ಯಾಡ. ಮತ್ತ ನೋಡು,” ಎಂದು ಹುಲಗೆಮ್ಮ ಮೆಲ್ಲಗೆ ಓದಿದಳು.

ಕುಬ್ರಾ ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ಅಲ್ಲಿ ಅವಳ ಹೆಸರಿರಲಿಲ್ಲ. ಹೆಸರಿನ ಜಾಗದಲ್ಲಿ ಬರೀ ಒಂದು ಗುರುತು. ಅಲ್ಲಿ ಯಾರು ಬಂದು ಕೂತರೂ ಅಬ್ಬಾ ಅವರ ಹೆಸರು ಹಿಡಿದೇ ಹೇಳುವಂತೆ ಬರೆದಿಟ್ಟಿದ್ದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅರವತ್ತೆಂಟನೆಯ ಸಾಲು ಮುಗಿಯಿತು.

“ಬಂದ್ ಮಾಡಲೇನವ್ವಾ?” ಎಂದು ಸರ್ ಕೇಳಿದರು. ಈ ಸಲ ಅವರು ಸ್ವಿಚ್ಚನ್ನು ಮುಟ್ಟಿರಲಿಲ್ಲ.

“ನಾನೇ ಮಾಡ್ತೀನ್ರಿ.”

ಅವಳು ಸ್ವಿಚ್ ತೆಗೆದಳು. ಪರದೆಯ ಬೆಳಕು ನಡುವಿಗೆ ಕುಗ್ಗಿ, ಸಾಸಿವೆ ಕಾಳಿನಷ್ಟಾಗಿ, ಇಲ್ಲವಾಯಿತು. ಕುಬ್ರಾ ಹತ್ತು ಎಣಿಸಿದಳು. ಮತ್ತೆ ಸ್ವಿಚ್ ಹಾಕಿದಳು. ಓ, ಎಲ್, ಡಿ.

‘ಬ್ಯಾಡ್ ಪ್ರೋಗ್ರಾಮ್’ ಎಂದು ಮೂಡಿತು.

“ಬ್ಯಾಡ್ ಅಂತದಲ್ಲಲೇ!” ಹುಲಗೆಮ್ಮನಿಗೆ ಸಿಟ್ಟೇ ಬಂತು. “ನಮ್ಮ ಸರ್ ಬರೆದದ್ದಕ್ಕ ಬ್ಯಾಡ್ ಅಂತದ!”

“ಸರ್ ಬರೆದದ್ದಕ್ಕಲ್ಲ. ಅದರೊಳಗ ಈಗ ಏನೂ ಇಲ್ಲ,” ಎಂದಳು ಕುಬ್ರಾ. “ನನಗ ಗೊತ್ತಿತ್ತು.”

“ಗೊತ್ತಿದ್ರ ಮತ್ತ್ಯಾಕ ಹೊಡೆದಿ?”

ಕುಬ್ರಾ ಸ್ವಿಚ್ ತೆಗೆದು, ಗೋಡೆಯಿಂದ ಪ್ಲಗ್ ಕಿತ್ತು, ಕೆಂಪು ಟೇಪ್ ರಿಕಾರ್ಡರಿನ ವೈರನ್ನು ನೀಟಾಗಿ ಸುತ್ತಿದಳು.

*

ದಾವಲ್ ಬೀ ಟೇಪ್ ರಿಕಾರ್ಡರ್ ಕಂಡು ಎದ್ದು ನಿಂತೇಬಿಟ್ಟಳು. “ಅಯ್ಯ, ಅವಸರ ಏನಿತ್ತು ಬೇಟಾ!” ಎಂದಳು ಬಾಯಲ್ಲಿ. ಕೈ ಮಾತ್ರ ಆಗಲೇ ಕವರಿನೊಳಗಿನ ಕ್ಯಾಸೆಟ್ ಹುಡುಕುತ್ತಿತ್ತು.

“ಅಬ್ಬಾ ತಂದಿದ್ರು. ಅಮ್ಮಿ ಕೊಟ್ಟು ಬಾ ಅಂದ್ಲು,” ಎಂದಳು ಕುಬ್ರಾ. ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಮಾತು. “ತಡ ಆತು, ಮಾಫ್ ಮಾಡ್ರಿ ಖಾಲಾ.”

ದಾವಲ್ ಬೀ ಅವಳ ಕೆನ್ನೆ ಹಿಡಿದಳು. “ಇಲ್ಲೇ ಕೂಡು. ನೀನೂ ಕೇಳು ಬಾ.”

“ಬ್ಯಾಡ್ರಿ. ನೀವು ಒಳಗ ಹೋಗಿ ಕೇಳ್ರಿ. ಅಂಗಡಿ ನಾ ನೋಡ್ತೀನಿ.”

ಕರೆಂಟ್ ಇರಲಿಲ್ಲ; ಸೆಲ್ಲಿನ ಮೇಲೂ ಅದು ಓಡುತ್ತಿತ್ತು. ದಾವಲ್ ಬೀ ಅದನ್ನು ಕೂಸಿನಂತೆ ಎದೆಗವಚಿಕೊಂಡು ಅಂಗಡಿಯ ಹಿಂದಿನ ಪರದೆಯ ಆಚೆ ಹೋದಳು. ಬಟನ್ ಒತ್ತಿದ ಸದ್ದಾಯಿತು. ಸ್ವಲ್ಪ ಹೊತ್ತು ಬರೀ ಸರಸರ. ಆಮೇಲೆ ದೂರದಿಂದ ಬಂದ ಒಂದು ಹೆಂಗಸಿನ ದನಿ. ಅದರ ನಡುವೆ ಎಳೆಗೂಸೊಂದು ಅತ್ತಿತು. ದಾವಲ್ ಬೀ “ಯಾ ಅಲ್ಲಾ” ಎಂದಳು. ಆಮೇಲೆ ಅವಳೂ ಮಾತಾಡತೊಡಗಿದಳು, ಅತ್ತ ಕಡೆಯವರಿಗೆ ಕೇಳುತ್ತದೆ ಎಂಬಂತೆ.

ಇಬ್ಬರು ಹೆಂಗಸರು ಅಂಗಡಿ ಮುಂದೆ ಬಂದು ನಿಂತರು. “ಏ ಹುಡುಗಿ, ಕೆಂಪು ಬಳಿ ಅದಾವೇನು? ದಾವಲ್ ಬೀ ಎಲ್ಲಿ?”

ಕುಬ್ರಾ ದನಿ ತಗ್ಗಿಸಿ ಹೇಳಿದಳು, “ಸ್ವಲ್ಪ ತಡೀರಿ. ಖಾಲಾ ಮಗಳ ಜೋಡಿ ಮಾತಾಡಾಕತ್ತಾರ.”